ವಿದೇಶದಿಂದ ಆಡಿಯೊ ಉಪಕರಣ ತರಿಸುವ ಮುನ್ನ: ವಾರಂಟಿ, ರಿಪೇರಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಜಪಾನ್, ಜರ್ಮನಿ, ದುಬೈ, ಸಿಂಗಪುರಗಳಿಂದ ಆಂಪ್ಲಿಫೈಯರ್, ಸ್ಪೀಕರ್, ಟರ್ನ್‌ಟೇಬಲ್ (ಗ್ರಾಮಫೋನ್ ತಟ್ಟೆ ನುಡಿಸುವ ಯಂತ್ರ), ಹೆಡ್‌ಫೋನ್ ತರಿಸಿಕೊಳ್ಳಲು ಯೋಚಿಸುತ್ತಿರುವ ಕರ್ನಾಟಕದ ಸಂಗೀತಪ್ರಿಯರಿಗಾಗಿ ಈ ಪ್ರಶ್ನೋತ್ತರ. ಬೆಲೆಗಳನ್ನು ಹೋಲಿಸಿ ನೋಡುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದು ಕೆಟ್ಟರೆ ಯಾವ ಊರಿನಲ್ಲಿ, ಯಾರು ಬಿಚ್ಚಿ ನೋಡುತ್ತಾರೆ? ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದ ಲೆಕ್ಕಗಳು ಸುಲಭ.

ಇಲ್ಲಿಗಿಂತ ಅಲ್ಲಿ ಬೆಲೆ ತುಂಬಾ ಕಡಿಮೆ ಇದೆ. ಇನ್ನೇನು ಯೋಚಿಸಬೇಕು?

ಒಂದು ಲೆಕ್ಕ ಹಾಕೋಣ. ಆಂಪ್ಲಿಫೈಯರ್ ಒಂದರ ಬೆಲೆ ಬೆಂಗಳೂರಿನ ಅಂಗಡಿಯಲ್ಲಿ 2,00,000 ರೂಪಾಯಿ, ಹೊರದೇಶದಲ್ಲಿ 1,20,000 ರೂಪಾಯಿ ಎಂದಿಟ್ಟುಕೊಳ್ಳಿ. ನೋಡಿದಾಕ್ಷಣ 80,000 ಉಳಿಯಿತು ಎನಿಸುತ್ತದೆ. ಸಾಗಣೆ, ವಿಮೆ, ಸೀಮಾಸುಂಕ, ಜಿಎಸ್‌ಟಿ ಸೇರಿ 55,000 ಹೋದರೆ ಕೈಯಲ್ಲಿ ಉಳಿಯುವುದು 25,000. ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನು ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಈಗ ಆ ಆಂಪ್ಲಿಫೈಯರ್ ಒಮ್ಮೆ ಕೆಟ್ಟಿತು ಎಂದುಕೊಳ್ಳಿ. ಕೊರಿಯರ್ ಕಂಪನಿಗಳು ನಿಜವಾದ ತೂಕವನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ ಬರುವ ಸಂಖ್ಯೆ ಹೆಚ್ಚಿದ್ದರೆ ಅದನ್ನೇ ತೂಕವೆಂದು ಹಿಡಿಯುತ್ತಾರೆ. 60×55×35 ಅಳತೆಯ ಪೆಟ್ಟಿಗೆಗೆ ಇದು 23 ಕಿಲೋ ಆಗುತ್ತದೆ, ಒಳಗಿನ ಆಂಪ್ಲಿಫೈಯರ್ 15 ಕಿಲೋ ಇದ್ದರೂ. ಅಂಥ ಪೆಟ್ಟಿಗೆ ಒಂದು ಸಲ ಯುರೋಪಿಗೆ ಹೋಗಿ ಬಂದರೆ ಉಳಿದಿದ್ದ 25,000 ಕರಗಿಹೋಗುತ್ತದೆ.

ನನ್ನ ಸಲಹೆ ಇಷ್ಟು: ಎಲ್ಲ ಖರ್ಚು ಕಳೆದ ಮೇಲೆ ಉಳಿಯುವ ಹಣ, ಉಪಕರಣವನ್ನು ಒಂದು ಸಲ ಕಳುಹಿಸಿ ತರಿಸಿಕೊಳ್ಳುವ ಖರ್ಚಿಗಿಂತ ಕಡಿಮೆಯಾದರೆ ಇಲ್ಲಿಯೇ ಕೊಳ್ಳಿ. ಅದರ ಎರಡು ಪಟ್ಟು ಉಳಿಯುತ್ತದೆ ಎಂದಾದರೆ ಮುಂದಿನ ಪ್ರಶ್ನೆಗಳನ್ನು ಓದಿ.

ಪೆಟ್ಟಿಗೆಯ ಮೇಲೆ ‘ಅಂತರರಾಷ್ಟ್ರೀಯ ವಾರಂಟಿ’ ಎಂದಿದೆ. ನಂಬಬಹುದೇ?

ಅದೇ ಕಾಗದದ ಸಣ್ಣ ಅಕ್ಷರಗಳನ್ನು ಓದುವವರೆಗೆ ನಂಬಬೇಡಿ. ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ಜಗತ್ತಿನಾದ್ಯಂತ ನಡೆಯುವ ವಾರಂಟಿ ಸಿಗುವುದುಂಟು. ಮನೆಯ ಆಡಿಯೊ ಉಪಕರಣಗಳಲ್ಲಿ ಅದು ಅಪರೂಪ. ಬಹುಪಾಲು ಕಂಪನಿಗಳು ‘ಕೊಂಡ ದೇಶದಲ್ಲಿ, ಅಧಿಕೃತ ಮಾರಾಟಗಾರನಿಂದ ಕೊಂಡ ಮೊದಲ ಖರೀದಿದಾರನಿಗೆ ಮಾತ್ರ’ ಎಂಬ ಷರತ್ತು ಹಾಕಿರುತ್ತವೆ. ಈ ಷರತ್ತಿನಲ್ಲಿ ದೇಶ, ಅಂಗಡಿ, ವ್ಯಕ್ತಿ ಎಂಬ ಮೂರು ಬೀಗಗಳಿವೆ. ಒಂದು ತೆರೆಯದಿದ್ದರೂ ವಾರಂಟಿ ಇಲ್ಲ.

ಕೊಳ್ಳುವ ಮೊದಲು ಕಂಪನಿಗೆ ಇಮೇಲ್ ಬರೆದು ಕೇಳಿ: ಈ ದೇಶದಲ್ಲಿ, ಈ ಅಂಗಡಿಯಲ್ಲಿ ಕೊಂಡದ್ದಕ್ಕೆ ಭಾರತದಲ್ಲಿ ಉಚಿತ ರಿಪೇರಿ ಇದೆಯೇ? ಇಲ್ಲವಾದರೆ ಹಣ ಕೊಟ್ಟರೆ ಮಾಡಿಕೊಡುವಿರಾ? ಬಿಡಿಭಾಗವನ್ನಾದರೂ ಮಾರುವಿರಾ? ಮೂರನೆಯ ಪ್ರಶ್ನೆಗೆ ಬರುವ ಉತ್ತರ ನನಗೆ ಮೊದಲ ಎರಡಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವಾರಂಟಿ ಎರಡು ಮೂರು ವರ್ಷದಲ್ಲಿ ಮುಗಿಯುತ್ತದೆ, ಒಳ್ಳೆಯ ಆಂಪ್ಲಿಫೈಯರ್ ಇಪ್ಪತ್ತು ವರ್ಷ ಮನೆಯಲ್ಲಿರುತ್ತದೆ. ಬಂದ ಉತ್ತರವನ್ನು ಮುದ್ರಿಸಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅದೇ ಕಂಪನಿಯ ಭಾರತದ ಸರ್ವಿಸ್ ಸೆಂಟರ್ ಹಣ ಕೊಟ್ಟರೂ ಮುಟ್ಟುವುದಿಲ್ಲ ಎನ್ನುತ್ತದೆ. ಇದು ಅನ್ಯಾಯವಲ್ಲವೇ?

ಗ್ರಾಹಕನಿಗೆ ಹಾಗೆ ಅನಿಸುವುದು ಸಹಜ. ಆದರೆ ಇಲ್ಲಿ ಅನೇಕ ಬ್ರ್ಯಾಂಡ್‌ಗಳನ್ನು ನೋಡಿಕೊಳ್ಳುವುದು ತಯಾರಕರಲ್ಲ, ಆಮದು ಮಾಡುವ ಸ್ವತಂತ್ರ ವಿತರಕರು. ವಾರಂಟಿ ರಿಪೇರಿಯ ಖರ್ಚು ಅವರ ಮಾರಾಟದ ಲಾಭದಿಂದಲೇ ಬರಬೇಕು. ನೀವು ಬೇರೆ ಕಡೆ ಕೊಂಡ ಉಪಕರಣದಿಂದ ಅವರಿಗೆ ಬಂದದ್ದೇನೂ ಇಲ್ಲ. ಜೊತೆಗೆ ಒಂದೇ ಹೆಸರಿನ ಮಾದರಿಯ ಅಮೆರಿಕದ ಆವೃತ್ತಿಯಲ್ಲಿ ಟ್ರಾನ್ಸ್‌ಫಾರ್ಮರ್, ಫ್ಯೂಸ್, ಕೆಲವೊಮ್ಮೆ ಪವರ್ ಬೋರ್ಡ್ ಕೂಡ ಬೇರೆ. ಆ ಭಾಗಗಳು ಇಲ್ಲಿನ ದಾಸ್ತಾನಿನಲ್ಲಿ ಇರುವುದೇ ಇಲ್ಲ.

ಆದರೂ ಕೆಲವು ವಿತರಕರು ಹಣ ಪಡೆದು ರಿಪೇರಿ ಮಾಡಿಕೊಡುತ್ತಾರೆ. ಕೇಳುವುದರಲ್ಲಿ ನಷ್ಟವಿಲ್ಲ, ಆದರೆ ಕೊಳ್ಳುವ ಮೊದಲೇ ಕೇಳಿ.

ಅಮೆರಿಕದಲ್ಲಿರುವ ಅಳಿಯ ದೀಪಾವಳಿಗೆ ಬರುವಾಗ ತಂದುಕೊಡುತ್ತೇನೆ ಎಂದಿದ್ದಾರೆ. ಇದರಲ್ಲಿ ಅಪಾಯವಿದೆಯೇ?

ಸಾಗಣೆಯ ಖರ್ಚು ತಪ್ಪುತ್ತದೆ, ಬೇರೆ ಮೂರು ವಿಷಯಗಳು ಎದುರಾಗುತ್ತವೆ. ಬಿಲ್ ಅಳಿಯನ ಹೆಸರಿನಲ್ಲಿರುತ್ತದೆ, ಆದ್ದರಿಂದ ವಾರಂಟಿ ಕೋರಿಕೆಯನ್ನೂ ಅವರೇ ಸಲ್ಲಿಸಬೇಕು. ಉಪಕರಣ ಅಮೆರಿಕದ 120 ವೋಲ್ಟ್‌ಗೆ ಮಾಡಿದ್ದಿರಬಹುದು. ವಿಮಾನದಲ್ಲಿ ಒಂದು ಚೀಲಕ್ಕೆ ಸಾಮಾನ್ಯವಾಗಿ 23 ಕಿಲೋ ಮಿತಿ, ಹೆಚ್ಚು ಹಣ ಕಟ್ಟಿದರೂ 32 ಕಿಲೋ ದಾಟಿದ ಚೀಲವನ್ನು ಹೆಚ್ಚಿನ ಕಂಪನಿಗಳು ತೆಗೆದುಕೊಳ್ಳುವುದಿಲ್ಲ.

ಅವರನ್ನು ಒಂದು ಮಾತು ಕೇಳಿಕೊಳ್ಳಿ: ಹೊರಡುವ ವಾರ ಕೊಳ್ಳುವುದು ಬೇಡ, ಒಂದೆರಡು ತಿಂಗಳು ಮೊದಲೇ ಕೊಂಡು ಅಲ್ಲಿಯೇ ದಿನಾ ನುಡಿಸಲಿ. ಎಲೆಕ್ಟ್ರಾನಿಕ್ ಉಪಕರಣದಲ್ಲಿ ತಯಾರಿಕೆಯ ದೋಷ ಇದ್ದರೆ ಅದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಹೊರಬೀಳುತ್ತದೆ. ಅಲ್ಲೇ ಕೆಟ್ಟರೆ ಅಂಗಡಿಗೆ ಮರಳಿಸಿ ಹೊಸದು ಪಡೆಯಬಹುದು. ಈ ಒಂದು ಎಚ್ಚರಿಕೆ ಅರ್ಧ ಚಿಂತೆಯನ್ನು ಕಳೆಯುತ್ತದೆ. ಪ್ರಯಾಣಿಕರ ಸಾಮಾನಿಗೆ ಸುಂಕರಹಿತ ಮಿತಿ ಎಷ್ಟು ಎಂಬುದನ್ನು ಟಿಕೆಟ್ ಮಾಡಿಸುವಾಗಲೇ ಸೀಮಾಸುಂಕ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ, ಅದು ಕಾಲಕಾಲಕ್ಕೆ ಬದಲಾಗುತ್ತದೆ.

120 ವೋಲ್ಟ್ ಉಪಕರಣಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಲದೇ?

ಕೆಲವಕ್ಕೆ ಸಾಕು, ಕೆಲವಕ್ಕೆ ಸಾಲದು. ಹಿಂಬದಿಯ ಫಲಕವನ್ನು ಓದಿ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಪ್ಲಗ್ ಬದಲಿಸಿದರೆ ಮುಗಿಯಿತು. ‘115/230’ ಎಂದು ಗುಂಡಿ ಇದ್ದರೆ, ತಂತಿ ಚುಚ್ಚುವ ಮೊದಲೇ ಅದನ್ನು 230ಕ್ಕೆ ತಿರುಗಿಸಿ, ಫ್ಯೂಸ್ ಮೌಲ್ಯವನ್ನೂ ನೋಡಿ. ವೋಲ್ಟೇಜ್ ಇಮ್ಮಡಿಯಾದಾಗ ಕರೆಂಟ್ ಅರ್ಧವಾಗುತ್ತದೆ, ಆದ್ದರಿಂದ ಫ್ಯೂಸ್ ಕೂಡ ಸುಮಾರು ಅರ್ಧದಷ್ಟು ಆಂಪಿಯರ್‌ನದ್ದಾಗಬೇಕು. ಹಳೆಯ ಫ್ಯೂಸನ್ನೇ ಬಿಟ್ಟರೆ ಆಪತ್ತಿನಲ್ಲಿ ಅದು ಕಾಪಾಡುವುದಿಲ್ಲ.

ಬರೀ ‘120 ವೋಲ್ಟ್, 60 ಹರ್ಟ್ಸ್’ ಎಂದಿದ್ದರೆ ಎರಡು ತೊಡಕುಗಳಿವೆ. ಇಳಿಕೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಬದಲಿಸುವುದಿಲ್ಲ. ನಮ್ಮಲ್ಲಿ ಇರುವುದು 50 ಹರ್ಟ್ಸ್. 60ಕ್ಕಾಗಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಕೆಲಸ ಮಾಡುವಾಗ ಅದರ ಕಬ್ಬಿಣದ ತಿರುಳಿನ ಮೇಲಿನ ಕಾಂತೀಯ ಒತ್ತಡ ಶೇಕಡಾ 20ರಷ್ಟು ಏರುತ್ತದೆ. ಸಾಕಷ್ಟು ದೊಡ್ಡ ತಿರುಳಿದ್ದರೆ ತಡೆದುಕೊಳ್ಳುತ್ತದೆ. ಬಿಗಿಯಾಗಿ ಲೆಕ್ಕ ಹಾಕಿ ಮಾಡಿದ್ದರೆ ಬಿಸಿಯಾಗಿ ಗುಂಯ್‌ಗುಡಲು ತೊಡಗುತ್ತದೆ. ಎರಡನೆಯದು, ದೊಡ್ಡ ಆಂಪ್ಲಿಫೈಯರ್‌ಗೆ ತಕ್ಕ ಟ್ರಾನ್ಸ್‌ಫಾರ್ಮರ್ ಅಗ್ಗದ್ದೂ ಅಲ್ಲ, ಹಗುರವೂ ಅಲ್ಲ. ಉಪಕರಣ ಎಳೆಯುವ ಗರಿಷ್ಠ ವಿದ್ಯುತ್ತಿನ ಎರಡು ಪಟ್ಟು ಸಾಮರ್ಥ್ಯದ್ದನ್ನು ತೆಗೆದುಕೊಳ್ಳಿ.

ಇನ್ನು ‘ಮೆಕ್ಯಾನಿಕ್ ಒಳಗಿನ ತಂತಿ ಬದಲಿಸಿ 230 ಮಾಡಿಕೊಡುತ್ತಾನೆ’ ಎಂಬ ಮಾತು. ಟ್ರಾನ್ಸ್‌ಫಾರ್ಮರ್‌ಗೆ ಎರಡು ಪ್ರೈಮರಿ (ಮನೆಯ ವಿದ್ಯುತ್ ಬರುವ ಬದಿಯ) ಸುರುಳಿಗಳಿದ್ದರೆ ಇದು ಸಾಧ್ಯ, ಕೆಲಸವೂ ಚೊಕ್ಕವಾಗಿರುತ್ತದೆ. ಆದರೆ ಮುಚ್ಚಳ ತೆರೆದ ಗಳಿಗೆಯಿಂದ ವಾರಂಟಿ ಇಲ್ಲ. ವಾರಂಟಿ ಹೇಗಿದ್ದರೂ ಇಲ್ಲಿ ನಡೆಯುವುದಿಲ್ಲ ಎಂದಾದರೆ ಅದಕ್ಕಾಗಿ ಅಳುಕಬೇಕಿಲ್ಲ.

ಟರ್ನ್‌ಟೇಬಲ್‌ಗೂ ಇದೇ ಲೆಕ್ಕವೇ?

ಟರ್ನ್‌ಟೇಬಲ್‌ಗೆ ಇನ್ನೂ ಕಟ್ಟುನಿಟ್ಟು. ಎಸಿ ಸಿಂಕ್ರೊನಸ್ ಮೋಟಾರ್ (ವಿದ್ಯುತ್ತಿನ ಆವರ್ತನಕ್ಕೆ ತಕ್ಕಂತೆ ತಿರುಗುವ ಮೋಟಾರ್) ಇರುವ ಟರ್ನ್‌ಟೇಬಲ್‌ನ ವೇಗವನ್ನು ನಿರ್ಧರಿಸುವುದು ಆವರ್ತನ. ಅಮೆರಿಕದ 60 ಹರ್ಟ್ಸ್ ಯಂತ್ರ ಇಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 27.8 ಸುತ್ತು ತಿರುಗುತ್ತದೆ. ಶ್ರುತಿ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ, ಐದೂವರೆ ಕಟ್ಟೆಯ ಶ್ರುತಿಯಲ್ಲಿ ಹಾಡಿದ್ದು ನಾಲ್ಕು ಕಟ್ಟೆಯ ಆಸುಪಾಸಿನಲ್ಲಿ ಕೇಳಿಸುತ್ತದೆ. ಶ್ರುತಿ ಬಲ್ಲ ಕಿವಿಗೆ ಇದು ಸಹಿಸಲಾಗದ ಮಾತು. 50 ಹರ್ಟ್ಸ್‌ಗೆ ತಕ್ಕ ಪುಲ್ಲಿ (ಬೆಲ್ಟ್ ಸುತ್ತುವ ಗಾಲಿ) ಪ್ರತ್ಯೇಕವಾಗಿ ಸಿಗುವ ಮಾದರಿಯಾದರೆ ಅದನ್ನು ಜೊತೆಯಲ್ಲೇ ತರಿಸಿ. ಡಿಸಿ ಮೋಟಾರ್ ಅಥವಾ ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಯಂತ್ರಗಳಿಗೆ ಈ ತೊಂದರೆ ಇಲ್ಲ, ವೋಲ್ಟೇಜ್ ಸರಿ ಇದ್ದರೆ ಸಾಕು. ಸೂಜಿ ಮತ್ತು ಬೆಲ್ಟ್ ಸಾಮಾನ್ಯವಾಗಿ ಯಾವ ದೇಶದ ವಾರಂಟಿಯಲ್ಲೂ ಸೇರುವುದಿಲ್ಲ.

ರೇಡಿಯೊ ಇರುವ ರಿಸೀವರ್ ತರಿಸಬಹುದೇ?

ಆಕಾಶವಾಣಿ ಕೇಳುವ ಆಸೆ ಇದ್ದರೆ ಎಚ್ಚರ. ಜಪಾನಿನ ಎಫ್‌ಎಂ ಪಟ್ಟಿ 76ರಿಂದ 95 ಮೆಗಾಹರ್ಟ್ಸ್. ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿದೆ, ಅಲ್ಲಿಗಷ್ಟೇ ಮಾಡಿದ ಟ್ಯೂನರ್ ಅದನ್ನು ಮುಟ್ಟುವುದೇ ಇಲ್ಲ. ಅಮೆರಿಕದ ಡಿಜಿಟಲ್ ಟ್ಯೂನರ್‌ಗಳು ಮಧ್ಯಮ ತರಂಗದಲ್ಲಿ 10 ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತವೆ, ನಮ್ಮಲ್ಲಿನ ಅಂತರ 9. ಬೆಂಗಳೂರಿನ 612, ಧಾರವಾಡದ 765 ಎರಡೂ ಆ ಹೆಜ್ಜೆಗಳ ನಡುವೆ ಬೀಳುತ್ತವೆ. ಹಿಂಬದಿಯಲ್ಲಿ 9/10 ಬದಲಿಸುವ ಗುಂಡಿ ಇದ್ದರೆ ಸರಿ. ಬ್ಲೂ-ರೇ ಪ್ಲೇಯರ್ ಆದರೆ ಭಾರತ ವಲಯ ‘ಸಿ’, ಅಮೆರಿಕ ಮತ್ತು ಜಪಾನ್ ‘ಎ’, ಯುರೋಪ್ ‘ಬಿ’ ಎಂಬುದು ನೆನಪಿರಲಿ. ಇವು ಯಾವುವೂ ದೋಷಗಳಲ್ಲ, ಆದ್ದರಿಂದ ವಾರಂಟಿ ಕೇಳುವ ಪ್ರಶ್ನೆಯೂ ಬರುವುದಿಲ್ಲ.

ಹಾಗಾದರೆ ಯಾವುದನ್ನು ತರಿಸಬಹುದು, ಯಾವುದನ್ನು ಬಿಡಬೇಕು?

ನಿಶ್ಚಿಂತೆಯಿಂದ ತರಿಸಬಹುದಾದದ್ದು ತಂತಿಯ ಹೆಡ್‌ಫೋನ್ ಮತ್ತು ಇಯರ್‌ಫೋನ್. ಇವಕ್ಕೆ ವೋಲ್ಟೇಜಿನ ಗೊಡವೆ ಇಲ್ಲ, ಹಗುರ, ಕೇಬಲ್ ಮತ್ತು ಕಿವಿದಿಂಬು ಬಿಚ್ಚಿ ಹಾಕಬಹುದಾದರೆ ಹೆಚ್ಚಿನ ರಿಪೇರಿ ಮನೆಯಲ್ಲೇ ಆಗುತ್ತದೆ. ಹಿಂದಿರುಗಿಸಬೇಕಾದರೂ ಪುಟ್ಟ ಪೊಟ್ಟಣ. ಕಂಪ್ಯೂಟರಿನ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಡ್ಯಾಕ್‌ಗಳೂ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಸಾಧನ) ಇದೇ ಗುಂಪಿಗೆ ಸೇರುತ್ತವೆ. ಫೋನೊ ಕಾರ್ಟ್ರಿಜ್‌ಗೆ (ಟರ್ನ್‌ಟೇಬಲ್‌ನ ಸೂಜಿ ಇರುವ ಪುಟ್ಟ ಘಟಕ) ವಾರಂಟಿ ಹೇಗೂ ನಾಮಮಾತ್ರ, ಅದನ್ನು ಎಲ್ಲಿ ಕೊಂಡರೂ ಒಂದೇ.

ವಿದ್ಯುತ್ ಸಂಪರ್ಕವೇ ಇಲ್ಲದ ಪ್ಯಾಸಿವ್ ಸ್ಪೀಕರ್‌ಗಳು ಕೆಡುವುದು ಕಡಿಮೆ. ಕೆಟ್ಟರೂ ಸಾಮಾನ್ಯವಾಗಿ ಒಂದು ಡ್ರೈವರ್ (ಸದ್ದು ಹೊರಡಿಸುವ ಕೋನ್ ಇರುವ ಭಾಗ) ಮಾತ್ರ, ಅದನ್ನು ಬಿಡಿಯಾಗಿ ತರಿಸಿ ಸ್ಕ್ರೂ ಬಿಚ್ಚಿ ಹಾಕಬಹುದು. ಆದರೆ ದಾರಿಯಲ್ಲಿ ಮೂಲೆ ಜಜ್ಜುವ, ಮರದ ಹೊದಿಕೆ ಒಡೆಯುವ ಅಪಾಯ ದೊಡ್ಡದು, ಸಾಗಣೆ ಹಾನಿಯನ್ನು ಯಾವ ವಾರಂಟಿಯೂ ಭರಿಸದು. ವಿಮೆ ಮಾಡಿಸದೆ ಕಳುಹಿಸಬೇಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಇನ್ನೊಂದು ಮಾತು: ಕೋನ್ ಅಂಚಿನಲ್ಲಿ ಫೋಮ್ ಇರುವ ಸ್ಪೀಕರ್ ಬೇಡ, ರಬ್ಬರ್ ಅಂಚಿನದ್ದು ತೆಗೆದುಕೊಳ್ಳಿ. ಕರಾವಳಿಯ ಸೆಖೆಯಲ್ಲಿ, ತೇವದಲ್ಲಿ ಫೋಮ್ ಬೇಗ ಪುಡಿಯಾಗುತ್ತದೆ.

ಸ್ಟೀರಿಯೊ ಆಂಪ್ಲಿಫೈಯರ್ ನಡುವಿನ ಜಾಗದಲ್ಲಿದೆ. ಟ್ರಾನ್ಸಿಸ್ಟರ್, ಕೆಪಾಸಿಟರ್, ರಿಲೇಗಳನ್ನು ಬಿಡಿಬಿಡಿಯಾಗಿ ಜೋಡಿಸಿದ ಸಾಂಪ್ರದಾಯಿಕ ವಿನ್ಯಾಸವಾದರೆ ಸರ್ವಿಸ್ ಮ್ಯಾನುವಲ್ ಹಿಡಿದು ಯಾವ ಒಳ್ಳೆಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡಬಲ್ಲ. ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್‌ಗೂ ಇದೇ ಮಾತು. ಇಎಲ್34, ಕೆಟಿ88ರಂಥ ವಾಲ್ವ್‌ಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ, ನಾವೇ ಕಿತ್ತು ಹಾಕಬಹುದು. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ರೇಡಿಯೊ ವಾಲ್ವ್ ತಯಾರಿಸುತ್ತಿದ್ದ ಕಾರ್ಖಾನೆ. ಸಾಗಿಸುವಾಗ ವಾಲ್ವ್‌ಗಳನ್ನು ಬಿಚ್ಚಿ ಬೇರೆ ಪೊಟ್ಟಣ ಕಟ್ಟಿಸಿ.

ನಾನು ಬೇಡವೆನ್ನುವುದು ಹೋಮ್ ಥಿಯೇಟರ್ ರಿಸೀವರ್, ನೆಟ್‌ವರ್ಕ್ ಸ್ಟ್ರೀಮರ್ (ಇಂಟರ್ನೆಟ್‌ನಿಂದ ಸಂಗೀತ ನುಡಿಸುವ ಸಾಧನ), ಒಳಗೇ ಆಂಪ್ಲಿಫೈಯರ್ ಇರುವ ವೈರ್‌ಲೆಸ್ ಸ್ಪೀಕರ್. ಇವುಗಳಲ್ಲಿ, ಉದಾಹರಣೆಗೆ, ಟಿವಿಗೆ ಜೋಡಿಸುವ ಎಚ್‌ಡಿಎಂಐ ಭಾಗ ಕೆಟ್ಟರೆ ಇಡೀ ಬೋರ್ಡೇ ಬದಲಾಗಬೇಕು, ಅದು ಕಂಪನಿಯ ಬಳಿ ಮಾತ್ರ ಇರುತ್ತದೆ. ಸಿಡಿ ಪ್ಲೇಯರ್ ಕೊಳ್ಳುವಾಗ ಅದರ ಲೇಸರ್ ಘಟಕ ಇನ್ನೂ ತಯಾರಾಗುತ್ತಿದೆಯೇ ಎಂದು ವಿಚಾರಿಸಿ. ಲೇಸರ್ ಸಿಗದ ಪ್ಲೇಯರ್ ಎಷ್ಟು ದುಬಾರಿಯದಾದರೂ ಬರೀ ಲೋಹದ ಪೆಟ್ಟಿಗೆ.

ವೈರ್‌ಲೆಸ್ ಹೆಡ್‌ಫೋನ್?

ಇಲ್ಲಿಯೇ ಕೊಳ್ಳಿ. ಅದರ ಆಯಸ್ಸನ್ನು ನಿರ್ಧರಿಸುವುದು ಲಿಥಿಯಂ ಬ್ಯಾಟರಿ. ಉಬ್ಬಿದ ಅಥವಾ ಹಾನಿಯಾದ ಬ್ಯಾಟರಿಯನ್ನು ವಿಮಾನದಲ್ಲಿ ಕಳುಹಿಸುವುದು ನಿಷಿದ್ಧ. ಕೆಟ್ಟಿರುವುದೇ ಬ್ಯಾಟರಿಯಾದರೆ ವಾರಂಟಿ ಇದ್ದೂ ಪೊಟ್ಟಣ ಹೊರಡುವುದಿಲ್ಲ. ಜೊತೆಗೆ ವೈರ್‌ಲೆಸ್ ಹೆಡ್‌ಫೋನ್‌ಗಳು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ, ಕೊರಿಯರ್ ಮೂಲಕ ತರಿಸಿದರೆ ಸೀಮಾಸುಂಕದಲ್ಲಿ ಸಿಕ್ಕಿಕೊಳ್ಳಬಹುದು.

ರಿಪೇರಿಗೆಂದು ವಿದೇಶಕ್ಕೆ ಕಳುಹಿಸಿದರೆ ಮರಳಿ ಬರುವಾಗ ಮತ್ತೆ ಸುಂಕ ಕಟ್ಟಬೇಕೇ?

ಕಾಗದಪತ್ರ ಸರಿ ಇದ್ದರೆ ಪೂರ್ತಿ ಬೆಲೆಗೆ ಕಟ್ಟಬೇಕಿಲ್ಲ. ಸೀಮಾಸುಂಕದ 45/2017ನೇ ಅಧಿಸೂಚನೆಯ ಪ್ರಕಾರ, ರಿಪೇರಿಗೆಂದು ಹೊರಗೆ ಹೋಗಿ ಮರಳಿ ಬಂದ ವಸ್ತುವಿಗೆ ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿ ಬರುವ ಎರಡೂ ಕಡೆಯ ಸಾಗಣೆ, ವಿಮೆ ಇವಿಷ್ಟರ ಮೇಲೆ ಸುಂಕ ಲೆಕ್ಕ ಹಾಕುತ್ತಾರೆ. ಆ ರಿಪೇರಿ ವೆಚ್ಚವನ್ನು ನೀವು ನಿಜವಾಗಿ ಕೊಟ್ಟಿದ್ದರೂ ಇಲ್ಲದಿದ್ದರೂ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ಅಧಿಸೂಚನೆಯೇ ಹೇಳುತ್ತದೆ. ಅಂದರೆ ವಾರಂಟಿಯಲ್ಲಿ ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ. ‘ಉಚಿತ ರಿಪೇರಿ’ ಎಂಬ ಮಾತನ್ನು ಕೇಳಿದಾಗ ಇದು ನೆನಪಿರಲಿ.

ಕಳುಹಿಸುವಾಗಲೇ ‘ರಿಪೇರಿಗಾಗಿ ರಫ್ತು, ಮರಳಿ ಬರಲಿದೆ’ ಎಂದು ಕೊರಿಯರ್ ಕಂಪನಿಯಿಂದ ಶಿಪ್ಪಿಂಗ್ ಬಿಲ್ (ರಫ್ತಿನ ಸೀಮಾಸುಂಕ ದಾಖಲೆ) ಮಾಡಿಸಿ, ಅದರಲ್ಲಿ ಸೀರಿಯಲ್ ಸಂಖ್ಯೆ ನಮೂದಾಗಿರಲಿ. ಮರಳಿ ಬಂದದ್ದು ಅದೇ ವಸ್ತು ಎಂದು ತೋರಿಸಲು ಇರುವ ಆಧಾರ ಅದೇ. ಕಂಪನಿಯವರು ಹಳೆಯದನ್ನು ಇಟ್ಟುಕೊಂಡು ಹೊಸದನ್ನು ಕಳುಹಿಸಿದರೆ ಸಂಖ್ಯೆ ಹೊಂದುವುದಿಲ್ಲ, ಆಗ ತಕರಾರು ಶುರುವಾಗುತ್ತದೆ. ಯಾರಾದರೂ ಕೈಯಲ್ಲೇ ಕೊಂಡೊಯ್ಯುವುದಾದರೆ ಹೊರಡುವ ವಿಮಾನ ನಿಲ್ದಾಣದಲ್ಲಿ ಸೀಮಾಸುಂಕದವರಿಂದ ರಫ್ತು ಪ್ರಮಾಣಪತ್ರ ಪಡೆಯಲಿ.

ಜಪಾನಿನ ಹಳೆಯ ಉಪಕರಣಗಳು ಹೊಸದರಂತೆ ಕಾಣುತ್ತವೆ. ಕೊಳ್ಳಬಹುದೇ?

ಅಲ್ಲಿನವರು ವಸ್ತುಗಳನ್ನು ಜೋಪಾನ ಮಾಡುವ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಹೊರಗಿನ ಹೊಳಪು ಒಳಗಿನ ಕೆಪಾಸಿಟರ್‌ನ ವಯಸ್ಸನ್ನು ಹೇಳುವುದಿಲ್ಲ. 1980ರ ದಶಕದ, ಒಳಗೆ ದ್ರವವಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ನುಡಿಸದೆ ಇಟ್ಟರೂ ಒಣಗುತ್ತದೆ. ಜಪಾನಿನ ಒಳಮಾರುಕಟ್ಟೆಯ ಉಪಕರಣ 100 ವೋಲ್ಟ್‌ನದು, ಅರಿಯದೆ ನಮ್ಮ 230ಕ್ಕೆ ಚುಚ್ಚಿದರೆ ಅಲ್ಲಿಗೆ ಮುಗಿಯಿತು. ‘ಜಂಕ್’ ಎಂದು ಗುರುತಿಸಿ ಮಾರುವ ವಸ್ತುವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಹಳೆಯ ಉಪಕರಣ ಕೊಳ್ಳುವವರು ಪೂರ್ತಿ ಕೆಪಾಸಿಟರ್ ಬದಲಿಸುವ ಖರ್ಚನ್ನೂ ಮೊದಲೇ ಬೆಲೆಗೆ ಸೇರಿಸಿಕೊಂಡು ನೋಡಲಿ.

ಯುರೋಪಿನಲ್ಲಿ ಕಾನೂನೇ ಎರಡು ವರ್ಷ ರಕ್ಷಣೆ ಕೊಡುತ್ತದಂತೆ. ನನಗೂ ಸಿಗುತ್ತದೆಯೇ?

ಐರೋಪ್ಯ ಒಕ್ಕೂಟದಲ್ಲಿ ಕನಿಷ್ಠ ಎರಡು ವರ್ಷದ ಕಾನೂನುಬದ್ಧ ಹೊಣೆ ಇರುವುದು ನಿಜ, ಆದರೆ ಅದು ಮಾರಾಟಗಾರನ ಹೊಣೆ. ಬರ್ಲಿನ್‌ನ ಅಂಗಡಿಯಲ್ಲಿ ಕೊಂಡರೆ ಬರ್ಲಿನ್‌ನ ಆ ಅಂಗಡಿಯನ್ನೇ ಹಿಡಿಯಬೇಕು. ಅಲ್ಲಿ ನೆಲೆಸಿರುವ ನಮ್ಮವರಿಗೆ ಇದು ದೊಡ್ಡ ಬಲ, ಅವರು ಧೈರ್ಯವಾಗಿ ಬಳಸಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಕುಳಿತವರಿಗೆ ಉಪಯೋಗ ಕಡಿಮೆ.

ಇಲ್ಲಿನ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದೇ?

2019ರ ಗ್ರಾಹಕರ ರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಮಾರಿದವರು ಭಾರತದಲ್ಲಿದ್ದರೆ ಇದು ಪರಿಣಾಮಕಾರಿ, ಮೊದಲು 1915 ಸಹಾಯವಾಣಿಗೆ ಕರೆ ಮಾಡಿ. ಮಾರಾಟಗಾರನಿಗೆ ಭಾರತದಲ್ಲಿ ಕಚೇರಿಯೇ ಇಲ್ಲದಿದ್ದರೆ ಆದೇಶ ಬಂದರೂ ಜಾರಿ ಮಾಡಿಸುವುದು ಕಷ್ಟ. ಅಂಥ ಕಡೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟಿರಿ. ವರ್ಣಿಸಿದ್ದಕ್ಕಿಂತ ಬೇರೆ ವಸ್ತು ಬಂದರೆ ಬ್ಯಾಂಕಿನ ಮೂಲಕ ತಕರಾರು ಎತ್ತಬಹುದು, ಅದಕ್ಕೂ ಗಡುವಿದೆ.

ಕಂಪನಿಯೇ ಮುಚ್ಚಿಹೋದರೆ?

ಆಗದ ಮಾತಲ್ಲ. ಜಪಾನಿನ ಹೆಸರಾಂತ ಆಂಕ್ಯೊ ಹೋಮ್ ಎಂಟರ್‌ಟೈನ್‌ಮೆಂಟ್ 2022ರ ಮೇ ತಿಂಗಳಲ್ಲಿ ಒಸಾಕಾದಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು, ಬ್ರ್ಯಾಂಡ್ ಬೇರೆಯವರ ಕೈಯಲ್ಲಿ ಮುಂದುವರಿಯಿತು. ಸೆನ್‌ಹೈಸರ್‌ನ ಮನೆಬಳಕೆಯ ಹೆಡ್‌ಫೋನ್ ವಿಭಾಗ 2022ರಲ್ಲಿ ಸ್ವಿಟ್ಜರ್ಲೆಂಡಿನ ಸೊನೋವಾ ಪಾಲಾಯಿತು. ಹೆಸರು ಅದೇ ಇದ್ದರೂ ಒಡೆತನ ಬದಲಾದಾಗ ಸರ್ವಿಸ್ ವ್ಯವಸ್ಥೆಯೂ ಬದಲಾಗಬಹುದು. ಐದು ಹತ್ತು ವರ್ಷದ ವಾರಂಟಿ ಕೊಡುವ ಸಣ್ಣ ಕಂಪನಿಯ ಮಾತನ್ನು ಅದರ ಬಾಳಿಕೆಯ ಜೊತೆ ಹೋಲಿಸಿ ನೋಡಿ.

ಸ್ಥಳೀಯ ಮೆಕ್ಯಾನಿಕ್‌ನನ್ನು ನಂಬಬಹುದೇ?

ಒಳ್ಳೆಯವರನ್ನು ಧಾರಾಳವಾಗಿ ನಂಬಬಹುದು. ಹಳೆಯ ಟೇಪ್ ರೆಕಾರ್ಡರ್, ರೇಡಿಯೊ, ಸಭಾಂಗಣದ ಮೈಕ್‌ಸೆಟ್ ಆಂಪ್ಲಿಫೈಯರ್‌ಗಳನ್ನು ದಶಕಗಳಿಂದ ರಿಪೇರಿ ಮಾಡುತ್ತ ಬಂದವರು ನಮ್ಮ ಬಹುತೇಕ ಪಟ್ಟಣಗಳಲ್ಲಿದ್ದಾರೆ. ಅವರ ವಿದ್ಯೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾಮಾನ್ಯ ಬಿಡಿಭಾಗಗಳು ಹೇರಳ. ಆದರೆ ದುಬಾರಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿಗಳ ಹಾವಳಿ ಹೆಚ್ಚು. ಅವನ್ನು ಅಧಿಕೃತ ವಿತರಕರಿಂದಲೇ ತರಿಸಿಕೊಡಿ.

ಸರ್ವಿಸ್ ಮ್ಯಾನುವಲ್ ಓದಿ ಕೆಲಸ ಮಾಡುತ್ತಾರೆಯೇ, ರಿಪೇರಿ ಮುಗಿದ ಮೇಲೆ ಬಯಸ್ ಕರೆಂಟ್ (ಸಂಗೀತ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಕರೆಂಟ್) ಅಳೆದು ಹೊಂದಿಸುತ್ತಾರೆಯೇ, ತೆಗೆದ ಹಳೆಯ ಭಾಗವನ್ನು ಕೈಗೆ ಕೊಡುತ್ತಾರೆಯೇ ಎಂದು ಕೇಳಿ. ಮೂರಕ್ಕೂ ಹೌದು ಎನ್ನುವವರು ಸಿಕ್ಕಿದರೆ ಅವರ ನಂಬರ್ ಉಳಿಸಿಕೊಂಡು, ನೀವು ಕೊಳ್ಳಬೇಕೆಂದಿರುವ ಮಾದರಿಯ ಮ್ಯಾನುವಲ್ಲನ್ನು ಅವರಿಗೆ ಮೊದಲೇ ತೋರಿಸಿ. ‘ಇದನ್ನು ನಾನು ಮಾಡಬಲ್ಲೆ’ ಎಂದು ಅವರು ಹೇಳಿದರೆ ಆ ಮಾತನ್ನು ವಿದೇಶದ ವಾರಂಟಿ ಕಾರ್ಡಿಗಿಂತ ಹೆಚ್ಚು ನಂಬುತ್ತೇನೆ.

ಪೆಟ್ಟಿಗೆ ಮನೆಗೆ ಬಂದಿದೆ. ಈಗೇನು ಮಾಡಬೇಕು?

ತೆರೆಯುವುದರಿಂದ ಹಿಡಿದು ಮೊದಲ ಸಲ ನುಡಿಸುವವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ಸೀರಿಯಲ್ ಸಂಖ್ಯೆ ಬಿಲ್ಲಿಗೆ ಹೊಂದುತ್ತದೆಯೇ ನೋಡಿ. ವೋಲ್ಟೇಜ್ ಫಲಕವನ್ನು ಮತ್ತೊಮ್ಮೆ ಓದಿ, ಆಮೇಲಷ್ಟೇ ಪ್ಲಗ್ ಹಾಕಿ. ಅರ್ತಿಂಗ್ ಇಲ್ಲದ ಸಾಕೆಟ್ ಬೇಡ, ಅಗ್ಗದ ಚೌಕಾಕಾರ ತರಂಗದ ಇನ್ವರ್ಟರ್ ಕೂಡ ಬೇಡ. ವೋಲ್ಟೇಜ್ ಏರಿಳಿತದಿಂದ ಆದ ಹಾನಿಯನ್ನು ವಾರಂಟಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೊದಲ ವಾರದಲ್ಲೇ ಪ್ರತಿಯೊಂದು ಇನ್‌ಪುಟ್, ಔಟ್‌ಪುಟ್, ರಿಮೋಟ್ ಗುಂಡಿಯನ್ನು ಪರೀಕ್ಷಿಸಿ, ಬಳಸುವ ಉದ್ದೇಶ ಇಲ್ಲದವನ್ನೂ. ಎಡ ಬಲ ವಾಲ್ಯೂಮ್ ಸಮವಾಗಿದೆಯೇ, ಎರಡು ಮೂರು ಗಂಟೆ ನುಡಿಸಿದ ಮೇಲೆ ಅತಿಯಾಗಿ ಬಿಸಿಯಾಗುತ್ತದೆಯೇ ಗಮನಿಸಿ. ದೋಷ ಕಂಡ ದಿನವೇ ಮಾರಾಟಗಾರನಿಗೆ ಬರೆದು ತಿಳಿಸಿ. ಪೆಟ್ಟಿಗೆ, ಒಳಗಿನ ಥರ್ಮೊಕೋಲ್, ಸುಂಕ ಕಟ್ಟಿದ ರಸೀದಿ ಇವನ್ನು ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿಡಿ.